ಕೋಳಿಗೆ ಉಪವಾಸವಿಲ್ಲ

ಈಸ್ಟರ್ ಹತ್ತಿರವಾದಂತೆ ನನ್ನ ವಾಟ್ಸ್ಯಾಪಿಗೆ ಒಬ್ಬ ದೇವತೆ ತಪ್ಪದೆ ಬರುತ್ತಾಳೆ. ಕೆಲವರು ಅವಳನ್ನು ಓಸ್ತಾರಾ ಎನ್ನುತ್ತಾರೆ, ಕೆಲವರು ಇಯೋಸ್ತ್ರೆ ಎನ್ನುತ್ತಾರೆ. ಕಳಿಸಿದವರಿಗೆ ಧೈರ್ಯ ಸ್ವಲ್ಪ ಜಾಸ್ತಿಯಿದ್ದರೆ ಬ್ಯಾಬಿಲೋನಿನ ಇಷ್ತಾರ್ ಆಗಿಬಿಡುತ್ತಾಳೆ. ತಲೆಗೆ ಹೂವಿನ ದಂಡೆ, ಕೈಯಲ್ಲಿ ಮೊಟ್ಟೆ, ಕಾಲ ಬಳಿ ಒಂದು ಬಿಳಿ ಮೊಲ. ಕ್ರೈಸ್ತರು ಈಸ್ಟರಿಗೆ ಮೊಟ್ಟೆ ಹಂಚುವುದು, ಮೊಲದ ಗೊಂಬೆ ಇಡುವುದು ಈಕೆಯ ಹಳೆಯ ಪೂಜೆಯ ಪಳೆಯುಳಿಕೆ ಎಂದು ಕೆಳಗೆ ಒಕ್ಕಣೆ. ಇದನ್ನು ಕಳಿಸುವವರಲ್ಲಿ ಎರಡು ಪಂಗಡ. ಮಡಿವಂತ ಕ್ರೈಸ್ತ ಮಿತ್ರರು ‘ಇದೆಲ್ಲ ನಮ್ಮದಲ್ಲ, ಮಕ್ಕಳನ್ನು ದೂರ ಇಡಿ’ ಎಂದು ಕಳಿಸುತ್ತಾರೆ. ಚರ್ಚು ಕಂಡರಾಗದವರು ‘ನೋಡಿ, ಎಲ್ಲ ಕದ್ದ ಮಾಲು’ ಎಂದು ಅದೇ ಚಿತ್ರವನ್ನು ಕಳಿಸುತ್ತಾರೆ. ಜಗಳವಾಡುವ ಇಬ್ಬರೂ ಇಷ್ಟು ಚೆನ್ನಾಗಿ ಒಪ್ಪುವ ಸಂಗತಿ ಇನ್ನೊಂದಿರಲಾರದು.

ನಾನು ಪಶುವೈದ್ಯ. ನೌಕರಿಯ ಬಹುಭಾಗ ಕೋಳಿಗಳ ಜೊತೆ ಕಳೆದವನು. ಊರಲ್ಲಿ ಕೋಳಿ ಡಾಕ್ಟ್ರು ಎಂದೇ ಹೆಸರು. ಆ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣಿಗೆ ಬೀಳುವುದು ಅದರಲ್ಲಿ ಇಲ್ಲದ ಪ್ರಾಣಿ. ಮೊಟ್ಟೆ ಇದೆ, ಮೊಲ ಇದೆ, ದೇವತೆ ಇದ್ದಾಳೆ, ಮೊಟ್ಟೆ ಇಟ್ಟ ಕೋಳಿ ಮಾತ್ರ ಎಲ್ಲೂ ಇಲ್ಲ. ಈಸ್ಟರಿನ ಮೊಟ್ಟೆಗೆ ಕಾರಣ ಹುಡುಕುವವರು ಗುಡಿಗೆ ಹೋಗುವ ಮೊದಲು ಕೋಳಿಗೂಡಿಗೆ ಹೋಗಬೇಕಿತ್ತು ಎನ್ನುವುದು ನನ್ನ ವಾದ.

ಮೊದಲು ದೇವತೆಯ ಲೆಕ್ಕ ಚುಕ್ತಾ ಮಾಡೋಣ. ಉತ್ತರ ಇಂಗ್ಲೆಂಡಿನ ಜ್ಯಾರೋ ಮಠದಲ್ಲಿದ್ದ ಬೀಡ್ ಎಂಬ ಸನ್ಯಾಸಿ 725ರಲ್ಲಿ ಕಾಲಗಣನೆಯ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಗ್ರಂಥ ಬರೆದ. ಅದರಲ್ಲಿ ಆಂಗ್ಲರ ಹಳೆಯ ತಿಂಗಳುಗಳ ಹೆಸರು ಹೇಳುತ್ತ, ಏಪ್ರಿಲ್ ಹೊತ್ತಿನ ತಿಂಗಳಿಗೆ ಇಯೋಸ್ತ್ರೆ ಎಂಬ ದೇವತೆಯ ಹೆಸರಿದೆ, ಹಿಂದೆ ಆ ತಿಂಗಳಲ್ಲಿ ಅವಳಿಗೆ ಹಬ್ಬ ಮಾಡುತ್ತಿದ್ದರು ಎಂದ. ಅಷ್ಟೇ. ಮೊಟ್ಟೆಯ ಮಾತಿಲ್ಲ, ಮೊಲದ ಸುದ್ದಿಯಿಲ್ಲ. ಅಲ್ಲಿಂದ ಸಾವಿರದ ನೂರು ವರ್ಷ ಕಳೆದ ಮೇಲೆ, 1835ರಲ್ಲಿ, ಜಾನಪದ ಕಥೆಗಳಿಂದ ಹೆಸರಾದ ಯಾಕೋಬ್ ಗ್ರಿಮ್ ಜರ್ಮನರಲ್ಲೂ ಓಸ್ತಾರಾ ಎಂಬ ಇಂಥದೇ ದೇವತೆ ಇದ್ದಿರಬೇಕು ಎಂದು ಊಹಿಸಿದ. 1874ರಲ್ಲಿ ಅಚ್ಚಾದ ಗ್ರಂಥದಲ್ಲಿ ಅಡಾಲ್ಫ್ ಹೋಲ್ಟ್ಸ್‌ಮನ್ ಎಂಬ ವಿದ್ವಾಂಸ, ಈಸ್ಟರ್ ಮೊಲ ನನಗೆ ಅರ್ಥವಾಗದ್ದು, ಬಹುಶಃ ಅದು ಓಸ್ತಾರಾಳ ಪ್ರಾಣಿ ಇರಬೇಕು ಎಂದ. ಅವನ ‘ಬಹುಶಃ’ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಉದುರಿಹೋಯಿತು. ದೇವತೆ ಹಕ್ಕಿಯೊಂದನ್ನು ಮೊಲವಾಗಿಸಿದಳು, ಆ ಮೊಲ ಹಳೆಯ ಅಭ್ಯಾಸಕ್ಕೆ ಮೊಟ್ಟೆ ಇಟ್ಟಿತು ಎಂಬ ಕಥೆ ಹುಟ್ಟಿದ್ದು ಆಮೇಲೆ. ಇಷ್ತಾರ್ ಬೇರೆ ದಾರಿಯಿಂದ ಬಂದವಳು. ಕಥೋಲಿಕ ಸಭೆಯ ಆಚಾರವೆಲ್ಲ ಬ್ಯಾಬಿಲೋನಿನದು ಎಂದು ಸಾಧಿಸ ಹೊರಟ ಅಲೆಕ್ಸಾಂಡರ್ ಹಿಸ್ಲಪ್ ಎಂಬ ಸ್ಕಾಟಿಷ್ ಪಾದ್ರಿ 1850ರ ದಶಕದಲ್ಲಿ ಅವಳನ್ನು ಎಳೆದು ತಂದ.

ದೇವತೆ ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಜರ್ಮನಿಯ ಮೋರ್ಕನ್-ಹಾರ್ಫ್ ಬಳಿ 1958ರಲ್ಲಿ ಇಂಥದೇ ಹೆಸರಿನ ಮಾತೃದೇವತೆಯರಿಗೆ ಹರಕೆ ಒಪ್ಪಿಸಿದ ರೋಮನ್ ಕಾಲದ ಕಲ್ಲುಗಳು ನೂರೈವತ್ತಕ್ಕೂ ಹೆಚ್ಚು ಸಿಕ್ಕಿದವು. ಬೀಡ್ ಸುಳ್ಳು ಹೇಳಿದ ಎನ್ನುವವರ ಬಾಯಿ ಅದರಿಂದ ಸ್ವಲ್ಪ ಕಟ್ಟಿತು. ಆದರೆ ಆ ಕಲ್ಲುಗಳೂ ಮೊಟ್ಟೆಯ ವಿಷಯದಲ್ಲಿ ಬೀಡ್‌ನಷ್ಟೇ ಮೌನಿಗಳು.

ಇನ್ನು ಕೋಳಿಗೂಡಿಗೆ ಬರೋಣ. ಕೋಳಿ ಮೊಟ್ಟೆ ಇಡುವುದು ಬೆಳಕಿನ ಲೆಕ್ಕದ ಮೇಲೆ. ಬೆಳಕು ಅದರ ಕಣ್ಣಿಂದ ಮಾತ್ರವಲ್ಲ, ತೆಳು ತಲೆಬುರುಡೆಯ ಮೂಲಕವೂ ಮಿದುಳಿಗೆ ತಲುಪುತ್ತದೆ. ಹಗಲು ಬೆಳೆಯುತ್ತಿದ್ದರೆ ಅಂಡಾಶಯ ಎಚ್ಚೆತ್ತುಕೊಳ್ಳುತ್ತದೆ, ಕುಗ್ಗುತ್ತಿದ್ದರೆ ಅಂಗಡಿ ಮುಚ್ಚುತ್ತದೆ. ನಮ್ಮ ಲೇಯರ್ ಶೆಡ್ಡುಗಳಲ್ಲಿ ಬೆಳಗಿನ ಜಾವವೇ ಬಲ್ಬು ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುವುದು ಇದಕ್ಕೇ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ; ಆದ್ದರಿಂದ ನಮ್ಮ ಹಿತ್ತಲ ನಾಟಿ ಕೋಳಿಗೆ ಮೊಟ್ಟೆಯ ಸುಗ್ಗಿ, ಮೊಟ್ಟೆಯ ಬರ ಎಂದು ಅಷ್ಟೇನೂ ಇಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಆ ಅಂತರ ಎಂಟು ಗಂಟೆ. ಡಿಸೆಂಬರಿನಲ್ಲಿ ಎಂಟು ಗಂಟೆಯ ಮಂಕು ಹಗಲಲ್ಲಿ ಗರಿ ಉದುರಿಸಿಕೊಂಡು ಸುಮ್ಮನೆ ಕೂತ ಕೋಳಿ, ಫೆಬ್ರವರಿ ದಾಟುತ್ತಲೇ ಇಡಲು ಶುರು ಮಾಡುತ್ತದೆ, ಏಪ್ರಿಲ್ ಹೊತ್ತಿಗೆ ಭರಾಟೆ. ಬಲ್ಬಿಲ್ಲದ ಕಾಲದ ಯೂರೋಪಿನವರಿಗೆ ಮೊಟ್ಟೆ ಎಂದರೆ ನಮಗೆ ಮಾವು ಇದ್ದಹಾಗೆ, ಕಾಲಕ್ಕೆ ಬರುವ ಫಸಲು.

ಈ ಫಸಲು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಚರ್ಚು ಅದನ್ನು ತಿನ್ನಬೇಡಿ ಎಂದಿತು. ಅದೇ ಸ್ವಾರಸ್ಯ. ಈಸ್ಟರ್ ಯೆಹೂದ್ಯರ ಪಾಸ್ಕ ಹಬ್ಬದ ಕಾಲಕ್ಕೆ ಅಂಟಿಕೊಂಡದ್ದು, ಏಕೆಂದರೆ ಯೇಸುವಿನ ಮರಣ, ಪುನರುತ್ಥಾನ ನಡೆದದ್ದು ಆ ಹಬ್ಬದ ಸುಮಾರಿಗೆ. ತಾರೀಖಿನ ಬಗ್ಗೆ ದೊಡ್ಡ ಜಗಳಗಳಾಗಿ, 325ರಲ್ಲಿ ನೈಸಿಯಾದ ಮಹಾಸಭೆ ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದಿತು. ವಸಂತ ವಿಷುವದ ನಂತರದ ಹುಣ್ಣಿಮೆ, ಅದರ ನಂತರದ ಭಾನುವಾರ ಎಂಬ ಲೆಕ್ಕ ನಿಂತಿತು. ಹೀಗಾಗಿ ಪಶ್ಚಿಮದ ಸಭೆಗಳಲ್ಲಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತದೆ. ಅದಕ್ಕೆ ಮುಂಚಿನದು ನಮ್ಮ ಕಥೋಲಿಕರು ತಪಸ್ಸುಕಾಲ ಎನ್ನುವ ಉಪವಾಸದ ಅವಧಿ. ಬೂದಿ ಬುಧವಾರದಿಂದ ಹಬ್ಬದ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ; ಭಾನುವಾರಗಳನ್ನು ಕಳೆದರೆ 40. ಮಧ್ಯಯುಗದಲ್ಲಿ ಬಿಡಬೇಕಾದದ್ದು ಮಾಂಸ ಮಾತ್ರವಲ್ಲ. ಮಾಂಸದ ಪ್ರಾಣಿಯಿಂದ ಬಂದ ಹಾಲು, ಬೆಣ್ಣೆ, ಚೀಸ್, ಮೊಟ್ಟೆ ಎಲ್ಲವೂ ನಿಷಿದ್ಧ. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆ, ಉಪವಾಸದ ಶನಿವಾರ ಭಾನುವಾರಗಳಲ್ಲಿ ಮೊಟ್ಟೆ, ಚೀಸ್ ತಿನ್ನುವವರನ್ನು ಹೆಸರಿಟ್ಟು ಗದರಿಸಿ ನಿಯಮ ಮಾಡಿತು. ದುಡ್ಡಿದ್ದವರು ಕಾಣಿಕೆ ಕೊಟ್ಟು ಬೆಣ್ಣೆ ತಿನ್ನಲು ಅಪ್ಪಣೆ ಪಡೆಯುತ್ತಿದ್ದರು. ಫ್ರಾನ್ಸಿನ ರುವಾಂ ನಗರದ ಮಹಾದೇವಾಲಯದ ಒಂದು ಗೋಪುರಕ್ಕೆ ಬೆಣ್ಣೆ ಗೋಪುರ ಎಂದೇ ಹೆಸರು, ಆ ಕಾಣಿಕೆಯಿಂದ ಎದ್ದದ್ದು ಎಂದು.

ಬಡವರ ಮನೆಯ ಕೋಳಿಗೆ ಯಾರೂ ಅಪ್ಪಣೆ ಕೊಡಲಿಲ್ಲ, ಅದೂ ಕೇಳಲಿಲ್ಲ. ಹಸುವಿನ ಹಾಲು ಕರೆದು ಚೀಸ್ ಮಾಡಿ ಅಟ್ಟಕ್ಕೆ ಏರಿಸಬಹುದು. ಕೋಳಿಯ ಹೊಟ್ಟೆಯೊಳಗೆ ಒಂದು ಮೊಟ್ಟೆ ಪೂರ್ತಿಯಾಗಲು ಸುಮಾರು 25 ಗಂಟೆ, ಅದರಲ್ಲಿ 20 ಗಂಟೆ ಚಿಪ್ಪು ಕಟ್ಟಲಿಕ್ಕೇ ಬೇಕು. ಶುರುವಾದ ಮೇಲೆ ತಡೆಹಿಡಿಯುವ ಉಪಾಯವಿಲ್ಲ. ಹತ್ತು ಕೋಳಿಯ ಮನೆ ಎಂದಿಟ್ಟುಕೊಳ್ಳಿ. ಈಗಿನ ಫಾರಂ ಕೋಳಿಯ ಲೆಕ್ಕ ಬೇಡ, ವಾರಕ್ಕೆ ನಾಲ್ಕು ಇಡುವ ಸಾಧಾರಣ ನಾಟಿ ಕೋಳಿ. ಆರೂವರೆ ವಾರಕ್ಕೆ 260 ಮೊಟ್ಟೆ! ಕೆಲವನ್ನು ಕಾವಿಗೆ ಕೂರಿಸಬಹುದು. ಕಾವಿಗೆ ಕೂತ ಕೋಳಿ ಇಡುವುದನ್ನೂ ನಿಲ್ಲಿಸುತ್ತದೆ, 21 ದಿನಕ್ಕೆ ಮರಿ ಹೊರಬಂದು ಹಬ್ಬದ ಹೊತ್ತಿಗೆ ಅಂಗಳದ ತುಂಬ ಚಿಂವ್ ಚಿಂವ್. ಈಸ್ಟರ್ ಕಾರ್ಡಿನ ಮೇಲೆ ಹಳದಿ ಮರಿ ಯಾಕೆ ಎಂದು ಕೋಳಿ ಸಾಕಿದ ಯಾರೂ ಕೇಳುವುದಿಲ್ಲ. ಉಳಿದ ಮೊಟ್ಟೆಗಳು ಬುಟ್ಟಿಯಲ್ಲಿ ಕೂರುತ್ತವೆ. ತೊಳೆಯದ ಮೊಟ್ಟೆಗೆ ಮೇಲೊಂದು ತೆಳು ಪೊರೆ ಇರುತ್ತದೆ, ಅದು ಚಿಪ್ಪಿನ ರಂಧ್ರ ಮುಚ್ಚಿ ಕಾಪಾಡುತ್ತದೆ. ಚಳಿದೇಶದ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಹೀಗೆ ಹಬ್ಬದ ಬೆಳಗಿನ ಹೊತ್ತಿಗೆ ಮನೆಮನೆಯಲ್ಲೂ ಮೊಟ್ಟೆಯ ರಾಶಿ, ಒಂದೂವರೆ ತಿಂಗಳಿಂದ ನೋಡುತ್ತ ಕೂತ ನಾಲಿಗೆಗಳು. ದೇವತೆಯ ಕೆಲಸ ಇಲ್ಲಿ ಏನುಳಿಯಿತು?

ರಾಶಿ ಎಂದಮೇಲೆ ಒಡೆಯನ ಕಣ್ಣು ಬೀಳದೆ ಇರುತ್ತದೆಯೇ? ಇಂಗ್ಲೆಂಡಿನಲ್ಲೂ ಜರ್ಮನ್ ಸೀಮೆಗಳಲ್ಲೂ ಗೇಣಿದಾರರು ಜಮೀನಿನ ಒಡೆಯನಿಗೆ, ಮಠಕ್ಕೆ ಕ್ರಿಸ್ಮಸ್‌ಗೆ ಕೋಳಿ, ಈಸ್ಟರಿಗೆ ಮೊಟ್ಟೆ ಒಪ್ಪಿಸುವ ಪದ್ಧತಿ ಇತ್ತು. ಚಳಿಗಾಲದಲ್ಲಿ ಇಡದ ಕೋಳಿಯನ್ನು ಕೊಟ್ಟುಬಿಡು, ವಸಂತದಲ್ಲಿ ಇಡುವ ಕೋಳಿಯನ್ನು ಉಳಿಸಿಕೊಂಡು ಮೊಟ್ಟೆ ಕೊಡು. ಕೋಳಿಯ ದೇಹಧರ್ಮ ಬಲ್ಲ ಯಾರೋ ಬರೆದ ಕರಾರು ಅದು. ಮೇಲಿಂದ ಕೆಳಕ್ಕೂ ಮೊಟ್ಟೆ ಹರಿಯಿತು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ 1290ರ ಅರಮನೆ ಖರ್ಚಿನ ಪುಸ್ತಕದಲ್ಲಿ ಈಸ್ಟರಿಗಾಗಿ 450 ಮೊಟ್ಟೆಗೆ 18 ಪೆನ್ನಿ ಎಂಬ ಬಾಬತ್ತು ಇದೆ. ಬೇಯಿಸಿ, ಬಣ್ಣ ಹಾಕಿ, ಕೆಲವಕ್ಕೆ ಚಿನ್ನದ ರೇಕು ಅಂಟಿಸಿ ಆಸ್ಥಾನದವರಿಗೆ ಹಂಚಿದ್ದು. ಪೆನ್ನಿಗೆ 25 ಮೊಟ್ಟೆ! ಆ ದರ ನೋಡಿದರೆ ಸಾಕು, ಊರಲ್ಲಿ ಮೊಟ್ಟೆ ಎಷ್ಟು ಬಿದ್ದಿತ್ತೆಂದು ತಿಳಿಯುತ್ತದೆ.

ಬಣ್ಣದ ವಿಷಯ ನನಗೆ ಪ್ರೀತಿಯದು, ಸ್ವಲ್ಪ ನಿಧಾನ ಮಾಡುತ್ತೇನೆ. ಬೇಯಿಸಿದ ಮೊಟ್ಟೆಯನ್ನು ಹಸಿಯದರಿಂದ ಬೇರೆ ಎಂದು ಗುರುತಿಸಲು ಬಣ್ಣ ಹಾಕುತ್ತಿದ್ದರು ಎಂದು ಹೇಳುವುದುಂಟು. ಇರಬಹುದು, ಆದರೆ ಮೊಟ್ಟೆಯನ್ನು ಕೈಯಲ್ಲಿ ಹಿಡಿದವನಿಗೆ ಅದರ ಮೇಲೆ ಏನಾದರೂ ಬರೆಯಬೇಕು ಅನ್ನಿಸುವುದಕ್ಕೆ ಕಾರಣ ಬೇಕಿಲ್ಲ. ಪೂರ್ವ ಯೂರೋಪಿನ ಹಳ್ಳಿಮನೆಗಳ ಬಣ್ಣ ಈರುಳ್ಳಿ ಸಿಪ್ಪೆಯದು. ನಮ್ಮ ಅಡುಗೆಮನೆಯಲ್ಲೂ ಮಾಡಬಹುದು, ನಾನು ಮಾಡುತ್ತೇನೆ. ಒಣಗಿದ ಹೊರಸಿಪ್ಪೆಯನ್ನು ಒಂದು ಪಾತ್ರೆ ತುಂಬ ಕೂಡಿಹಾಕಿ ನೀರಲ್ಲಿ ಅರ್ಧ ಗಂಟೆ ಕುದಿಸಬೇಕು. ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದ ಮೇಲೆ ಆರಿಸಿ, ಒಂದು ಚಮಚ ವಿನೆಗರ್ ಬೆರೆಸಬೇಕು. ವಿನೆಗರ್ ಚಿಪ್ಪಿನ ಸುಣ್ಣವನ್ನು ಒಂದಿಷ್ಟು ತಿಂದು ಬಣ್ಣಕ್ಕೆ ಜಾಗ ಮಾಡುತ್ತದೆ. ಬಿಳಿ ಫಾರಂ ಮೊಟ್ಟೆಯ ಮೇಲೆ ಒಂದು ಎಳೆ ಕೊತ್ತಂಬರಿ ಎಲೆಯನ್ನು ನೀರು ಹಚ್ಚಿ ಅಂಟಿಸಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಅದರಲ್ಲಿ ಬೇಯಿಸಬೇಕು. ಗಂಟು ಬಿಚ್ಚಿದರೆ ಮಹಾಗನಿ ಮರದಂಥ ಕೆಂಗಂದು ಬಣ್ಣ, ನಡುವೆ ನರನರವೂ ಕಾಣುವ ಬಿಳಿ ಕೊತ್ತಂಬರಿ. ಕೊಂಚ ಎಣ್ಣೆ ಸವರಿದರೆ ಮಿಂಚುತ್ತದೆ. ಮೊಮ್ಮಕ್ಕಳು ಇದನ್ನು ತಿನ್ನಲು ಬಿಡುವುದಿಲ್ಲ ಎನ್ನುವುದೊಂದೇ ತೊಂದರೆ.

ಉಕ್ರೇನಿನವರು ಇದನ್ನು ಕಲೆಯ ತುದಿಗೆ ಒಯ್ದರು. ಹಸಿ ಮೊಟ್ಟೆಯ ಮೇಲೆ ಕರಗಿದ ಜೇನುಮೇಣದಿಂದ ಗೆರೆ ಎಳೆದು, ಹಳದಿಯಿಂದ ಕಪ್ಪಿನವರೆಗೆ ಒಂದೊಂದೇ ಬಣ್ಣದಲ್ಲಿ ಅದ್ದಿ, ಕೊನೆಗೆ ದೀಪಕ್ಕೆ ಹಿಡಿದು ಮೇಣ ಒರೆಸುತ್ತಾರೆ. ಪಿಸಾಂಕಾ ಎನ್ನುವ ಈ ಮೊಟ್ಟೆ 2024ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಗ್ರೀಕರದು ಬರೀ ಕೆಂಪು. ಪವಿತ್ರ ಗುರುವಾರ ಬಣ್ಣ ಹಾಕಿ, ಹಬ್ಬದ ದಿನ ಒಬ್ಬರ ಮೊಟ್ಟೆಗೆ ಇನ್ನೊಬ್ಬರು ಕುಟ್ಟಿ, ಯಾರದು ಒಡೆಯದೆ ಉಳಿಯಿತೋ ಅವರದು ಗೆಲುವು. ಕೆಂಪು ಕ್ರಿಸ್ತನ ರಕ್ತ, ಚಿಪ್ಪು ಮುಚ್ಚಿದ ಸಮಾಧಿ, ಒಡೆದದ್ದು ಪುನರುತ್ಥಾನ ಎಂಬ ಅರ್ಥವನ್ನು ಅದಕ್ಕೆ ಹಚ್ಚಿದರು. ಸೊಗಸಾದ ಅರ್ಥವೇ. ಆದರೆ ಮೊಟ್ಟೆ ಮೊದಲು ಬುಟ್ಟಿಗೆ ಬಂತು, ಅರ್ಥ ಆಮೇಲೆ ಮೊಟ್ಟೆಗೆ ಬಂತು ಎಂದೇ ನನ್ನ ನಂಬಿಕೆ. ಐದನೆಯ ಪೌಲ್ ಪೋಪ್ ಆಗಿದ್ದಾಗ 1614ರಲ್ಲಿ ಹೊರಬಂದ ರೋಮನ್ ವಿಧಿಗ್ರಂಥದಲ್ಲಿ ಮೊಟ್ಟೆಯನ್ನು ಆಶೀರ್ವದಿಸುವ ಪ್ರಾರ್ಥನೆಯೂ ಇದೆ. ಆರು ವಾರ ಮುಟ್ಟಬೇಡಿ ಎಂದವರೇ ಮೊದಲ ತುತ್ತಿಗೆ ಮಂತ್ರ ಹೇಳಿಕೊಟ್ಟರು.

ರಷ್ಯಾದ ಚಕ್ರವರ್ತಿಗಳ ಮನೆಯ ಫಾಬರ್ಜೆ ಮೊಟ್ಟೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. 1885ರಲ್ಲಿ ಮೂರನೆಯ ಅಲೆಕ್ಸಾಂಡರ್ ಹೆಂಡತಿಗೆ ಕೊಡಿಸಿದ ಮೊದಲನೆಯದರಲ್ಲಿ ಬಿಳಿ ಎನಾಮೆಲ್ ಚಿಪ್ಪು, ಒಳಗೆ ಬಂಗಾರದ ಹಳದಿ ಲೋಳೆ, ಅದರೊಳಗೆ ಮಾಣಿಕ್ಯದ ಕಣ್ಣಿನ ಬಂಗಾರದ ಹೇಂಟೆ. ಅಕ್ಕಸಾಲಿಗನಿಗಾದರೂ ಕೋಳಿಯ ನೆನಪು ಬಂತಲ್ಲ ಎಂದು ನನಗೆ ಆ ಒಂದರ ಮೇಲೆ ಅಭಿಮಾನ.

ಈಗ ಮೊಲ. ಇಲ್ಲೂ ಒಬ್ಬ ವೈದ್ಯ ಸಿಗುತ್ತಾನೆ. ಹೈಡೆಲ್‌ಬರ್ಗ್‌ನ ವೈದ್ಯಶಾಸ್ತ್ರದ ಪ್ರಾಧ್ಯಾಪಕ ಗೆಯೋರ್ಗ್ ಫ್ರಾಂಕ್ ಫಾನ್ ಫ್ರಾಂಕನೌ ಹೆಸರಿನಲ್ಲಿ 1682ರಲ್ಲಿ ಈಸ್ಟರ್ ಮೊಟ್ಟೆಗಳ ಮೇಲೆ ಒಂದು ಲ್ಯಾಟಿನ್ ಪ್ರಬಂಧ ಬಂತು. ಪ್ಯಾಲಟಿನೇಟ್, ಆಲ್ಸಾಸ್ ಸೀಮೆಗಳಲ್ಲಿ ಈ ಮೊಟ್ಟೆಗಳಿಗೆ ಮೊಲದ ಮೊಟ್ಟೆ ಎನ್ನುತ್ತಾರೆ, ಈಸ್ಟರ್ ಮೊಲ ಅವನ್ನು ತೋಟದ ಹುಲ್ಲಲ್ಲಿ, ಪೊದೆಗಳಲ್ಲಿ ಬಚ್ಚಿಡುತ್ತದೆ ಎಂದು ಮಕ್ಕಳನ್ನು ನಂಬಿಸುತ್ತಾರೆ, ಅವರು ಹುಡುಕುವುದನ್ನು ನೋಡಿ ದೊಡ್ಡವರು ನಗುತ್ತಾರೆ ಎಂದು ಅದರಲ್ಲಿದೆ. ಆದರೆ ವೈದ್ಯರ ಚಿಂತೆ ಮೊಲದ್ದಲ್ಲ, ಉಪವಾಸ ಮುಗಿದ ಖುಷಿಯಲ್ಲಿ ಬೇಯಿಸಿದ ಮೊಟ್ಟೆ ಮುಕ್ಕಿ ಹೊಟ್ಟೆ ಕೆಡಿಸಿಕೊಳ್ಳುವವರದು. ಈಸ್ಟರ್ ಮೊಲದ ಚರಿತ್ರೆಯ ಮುಖ್ಯ ದಾಖಲೆ ಅಜೀರ್ಣದ ಮೇಲಿನ ಎಚ್ಚರಿಕೆಯಾಗಿ ಸಿಕ್ಕಿದ್ದು ನನ್ನ ವೃತ್ತಿಯವರಿಗೆ ಹೆಮ್ಮೆಯ ಸಂಗತಿ.

ಮೊಲವೇ ಯಾಕೆ? ಅದು ಗೂಡಿನಲ್ಲಿ ಸಾಕುವ ಮೊಲವಲ್ಲ, ಹೊಲದ ಕಾಡುಮೊಲ. ನಮ್ಮ ಬಯಲುಸೀಮೆಯ ಕಾಡುಮೊಲದ ಹತ್ತಿರದ ನೆಂಟ. ಬಿಲ ತೋಡುವುದಿಲ್ಲ. ಹುಲ್ಲಲ್ಲಿ ಮೈಯಷ್ಟೇ ಅಗಲದ ಒಂದು ತಗ್ಗು ಮಾಡಿಕೊಂಡು ಮಲಗುತ್ತದೆ. ಮರಿಗಳು ಕಣ್ಣು ಬಿಟ್ಟುಕೊಂಡು, ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತವೆ. ತಾಯಿ ಕತ್ತಲಾದ ಮೇಲೆ ಒಮ್ಮೆ ಬಂದು ಹಾಲೂಡಿಸಿ ಹೋಗುತ್ತದೆ. ಅದೇ ಬಯಲಿನಲ್ಲಿ ನಮ್ಮ ಟಿಟ್ಟಿಭದ ದಾಯಾದಿ ಹಕ್ಕಿಯೊಂದು ನೆಲದ ಮೇಲೆಯೇ ತಗ್ಗು ಮಾಡಿ ಮೊಟ್ಟೆ ಇಡುತ್ತದೆ. ಮೊಲ ಎದ್ದು ಓಡಿದ ಕಡೆ ಹೋಗಿ ನೋಡಿದರೆ ತಗ್ಗಿನಲ್ಲಿ ಮೊಟ್ಟೆ! ಇದರಿಂದಲೇ ಕಥೆ ಹುಟ್ಟಿತು ಎನ್ನುವುದು ಒಂದು ವಿವರಣೆ. ಹೊಲ ತಿರುಗಿದ ನನಗೆ ಒಪ್ಪಿಗೆಯಾಗುವುದು ಇದು. ಆದರೆ ಮೊಲಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಜರ್ಮನ್ ಸೀಮೆಯಲ್ಲೆಲ್ಲ ಮೊಟ್ಟೆ ತರುವುದು ಮೊಲವೇ ಆಗಿರಲಿಲ್ಲ. ವೆಸ್ಟ್‌ಫಾಲಿಯಾದಲ್ಲಿ ನರಿ ತರುತ್ತಿತ್ತು. ಸ್ವಿಟ್ಜರ್ಲೆಂಡಿನ ಕೆಲವೆಡೆ ಕೋಗಿಲೆ, ಥುರಿಂಜಿಯಾದಲ್ಲಿ ಕೊಕ್ಕರೆ, ಸ್ಯಾಕ್ಸನಿಯಲ್ಲಿ ಹುಂಜ. ಮೊಲ ಪುರಾತನ ದೇವತೆಯ ವಾಹನವಾಗಿದ್ದರೆ ನರಿಗೂ ಕೊಕ್ಕರೆಗೂ ಆ ಕೆಲಸ ಸಿಗುತ್ತಿರಲಿಲ್ಲ. ಮಕ್ಕಳಿಗೆ ಯಾವ ಪ್ರಾಣಿಯ ಹೆಸರು ಹೇಳಿದರೂ ನಡೆಯುತ್ತಿತ್ತು. ಊರ ಸುತ್ತ ಕಂಡದ್ದನ್ನು ಹೇಳಿದರು.

ಇಷ್ಟು ಜನರಲ್ಲಿ ಮೊಲ ಗೆದ್ದದ್ದು ಹಡಗಿನಿಂದ. ಪ್ಯಾಲಟಿನೇಟಿನ ಜನ 18ನೆಯ ಶತಮಾನದಲ್ಲಿ ಗುಂಪುಗುಂಪಾಗಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋದರು, ಮೊಲವೂ ಜೊತೆಗೆ ಹೋಯಿತು. ಅವರ ಮಕ್ಕಳು ಟೋಪಿಯಲ್ಲಿ ಗೂಡು ಮಾಡಿ ಬಣ್ಣದ ಮೊಟ್ಟೆಗೆ ಕಾಯುತ್ತಿದ್ದರು. ನೆರೆಯ ಪ್ಯೂರಿಟನ್ನರಿಗೆ ಈಸ್ಟರ್ ಹಬ್ಬವೇ ಬೇಡವಾಗಿತ್ತು. ಅವರ ಪಂಗಡದವರು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ 1647ರಲ್ಲಿ ಕ್ರಿಸ್ಮಸ್ ಜೊತೆ ಅದನ್ನೂ ರದ್ದು ಮಾಡಿದವರು. ಅಮೆರಿಕದಲ್ಲಿ ಹಬ್ಬ ಮನೆಮಾತಾದದ್ದು ಅಂತರ್ಯುದ್ಧ ಮುಗಿದ ನಂತರ. ವಾಷಿಂಗ್ಟನ್‌ನ ಮಕ್ಕಳು ಸಂಸತ್ ಭವನದ ಇಳಿಜಾರಿನಲ್ಲಿ ಮೊಟ್ಟೆ ಉರುಳಿಸಿ ಹುಲ್ಲು ಹಾಳುಮಾಡುತ್ತಾರೆಂದು 1876ರಲ್ಲಿ ಕಾಯಿದೆಯೇ ಆಯಿತು. 1878ರಲ್ಲಿ ಅಧ್ಯಕ್ಷ ಹೇಸ್ ತಮ್ಮ ಶ್ವೇತಭವನದ ಅಂಗಳ ಬಿಟ್ಟುಕೊಟ್ಟರು. ಉರುಳಾಟ ಈಗಲೂ ಅಲ್ಲಿದೆ.

ಕೋಳಿಗೆ ಕೊನೆಯ ಪೆಟ್ಟು ಕೊಟ್ಟದ್ದು ಕೋಕೋ. 1828ರಲ್ಲಿ ಹಾಲೆಂಡಿನ ಫಾನ್ ಹೌಟನ್ ಮನೆತನ ಕೋಕೋದಿಂದ ಬೆಣ್ಣೆ ಹಿಂಡುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಬೆಣ್ಣೆ ಬೆರೆಸಿದರೆ ಚಾಕೊಲೇಟ್ ಅಚ್ಚಿನಲ್ಲಿ ಹರಿಯುತ್ತದೆ. ಬ್ರಿಸ್ಟಲ್‌ನ ಫ್ರೈ ಕಂಪನಿ 1873ರಲ್ಲಿ ಬ್ರಿಟನ್ನಿನ ಮೊದಲ ಟೊಳ್ಳು ಚಾಕೊಲೇಟ್ ಮೊಟ್ಟೆ ಮಾಡಿತು, 1875ರಲ್ಲಿ ಕ್ಯಾಡ್‌ಬರಿ. ಈ ಎರಡೂ ಮನೆತನ ಕ್ವೇಕರ್ ಪಂಥದವರು. ಎಲ್ಲ ದಿನವೂ ದೇವರದ್ದೇ, ಒಂದು ದಿನವನ್ನು ಹಬ್ಬವೆಂದು ಎತ್ತಿ ಹಿಡಿಯಬಾರದು ಎನ್ನುವುದು ಆ ಪಂಥದ ಹಳೆಯ ನೇಮ. ತಾವು ಹಬ್ಬ ಮಾಡದವರು ಊರಿಗೆಲ್ಲ ಹಬ್ಬದ ತಿಂಡಿ ಮಾಡಿಕೊಟ್ಟರು. ಅಷ್ಟು ಹೊತ್ತಿಗೆ ಮೊಟ್ಟೆಯ ಉಪವಾಸವೂ ಸಡಿಲವಾಗಿತ್ತು. ಉಪವಾಸವಿಲ್ಲದ ಮೇಲೆ ರಾಶಿ ಇಲ್ಲ. ಆಕಾರ ಮಾತ್ರ ಉಳಿಯಿತು, ಅದೂ ಕಪ್ಪಾಗಿ, ಸಿಹಿಯಾಗಿ.

ನಮ್ಮ ಕಡೆಗೆ ಬಂದದ್ದೂ ಈ ಆಕಾರವೇ. ಮಂಗಳೂರಿನಲ್ಲಿ, ಬೆಂಗಳೂರಿನ ದಂಡು ಪ್ರದೇಶದ ಬೇಕರಿಗಳಲ್ಲಿ ಹಬ್ಬದ ವಾರ ಮಾರ್ಜಿಪಾನ್ ಮೊಟ್ಟೆ ಸಾಲು ಹಿಡಿಯುತ್ತದೆ. ಪೋರ್ಚುಗೀಸರ ಬಾದಾಮಿಯ ಮಿಠಾಯಿ ಕರಾವಳಿಯಲ್ಲಿ ಗೋಡಂಬಿಯದಾಯಿತು. ನುಣ್ಣಗೆ ಅರೆದ ಗೋಡಂಬಿಗೆ ಸಕ್ಕರೆ, ಪನ್ನೀರು, ಕೆಲವರು ಒಂದು ಮೊಟ್ಟೆಯ ಬಿಳಿ. ಅಚ್ಚಿಗೆ ಒತ್ತಿ, ಎರಡು ಹೋಳು ಕೂಡಿಸಿ, ಜೋಡಣೆಯ ಗೆರೆ ಕಾಣದಂತೆ ಐಸಿಂಗ್ ಹೂಬಳ್ಳಿ. ನನ್ನ ಬಡಾವಣೆಯ ಬೇಕರಿಯಾಕೆಯನ್ನು ಒಮ್ಮೆ ಕೇಳಿದ್ದೆ, ನಿಜವಾದ ಮೊಟ್ಟೆಗೆ ಬಣ್ಣ ಹಾಕಿ ಮಾರಬಾರದೇ ಎಂದು. ‘ಏಪ್ರಿಲ್ ಬಿಸಿಲಿಗೆ ಬೇಯಿಸಿದ ಮೊಟ್ಟೆ ಶೋಕೇಸಲ್ಲಿಟ್ಟರೆ ಮಧ್ಯಾಹ್ನಕ್ಕೆ ನಾತ ಹೊಡಿಯುತ್ತೆ ಡಾಕ್ಟ್ರೇ, ನಿಮಗೆ ಗೊತ್ತಿಲ್ಲವಾ?’ ಅಂದರು. ನೆಲಮಾಳಿಗೆಯ ಚಳಿಯಲ್ಲಿ ಹುಟ್ಟಿದ ಪದ್ಧತಿ ಇಲ್ಲಿ ಗೋಡಂಬಿಗೆ ತಿರುಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಮಂಗಳೂರಿನ ಕಥೋಲಿಕರ ಮನೆಯಲ್ಲಿ ಹಬ್ಬದ ಊಟವೆಂದರೆ ‘ಸಣ್ಣ’ ಎಂಬ ಅಕ್ಕಿಯ ತಿಂಡಿ ಮತ್ತು ಹಂದಿಮಾಂಸ. ಮೊಟ್ಟೆ ಮಕ್ಕಳ ಪಾಲಿನ ಸಿಹಿ.

ಪ್ರಾಣಿ ಬದಲಾಯಿಸುವ ಆಟ ಮಾತ್ರ ಇನ್ನೂ ನಿಂತಿಲ್ಲ. ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ 1859ರಲ್ಲಿ ಬೇಟೆಯ ಶೋಕಿಗೆಂದು ಆಸ್ಟ್ರೇಲಿಯಾದ ತನ್ನ ಜಮೀನಿನಲ್ಲಿ ಮೊಲ ಬಿಟ್ಟ. ಅವು ಆ ಖಂಡವನ್ನೇ ಬೋಳು ಮೇಯ್ದವು. ಮೊಲದ ಹೆಸರೆತ್ತಿದರೆ ಅಲ್ಲಿನ ರೈತರು ಉರಿದೇಳುತ್ತಾರೆ. 1990ರ ದಶಕದಿಂದ ಅಲ್ಲಿ ಈಸ್ಟರಿಗೆ ಚಾಕೊಲೇಟ್ ಮೊಲದ ಬದಲು ಚಾಕೊಲೇಟ್ ಬಿಲ್ಬಿ ಕೊಡಿ ಎಂಬ ಪ್ರಚಾರ ನಡೆದಿದೆ. ಬಿಲ್ಬಿ ಉದ್ದ ಕಿವಿಯ, ಹೊಟ್ಟೆಚೀಲದಲ್ಲಿ ಮರಿ ಸಾಕುವ, ಅಳಿವಿನಂಚಿನ ಪುಟ್ಟ ಪ್ರಾಣಿ. ಪ್ರಚಾರಕ್ಕೆ ನನ್ನ ಪೂರ್ಣ ಬೆಂಬಲವಿದೆ, ಪಶುವೈದ್ಯನಾಗಿ ಒಂದೇ ತಕರಾರು. ಬಿಲ್ಬಿಯೂ ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಇಟ್ಟು ಮರಿಗೆ ಹಾಲೂಡುವ ಪ್ರಾಣಿಗಳು ಭೂಮಿಯ ಮೇಲೆ ಇರುವುದೇ ಎರಡು ಬಗೆ, ಪ್ಲ್ಯಾಟಿಪಸ್ ಮತ್ತು ಎಕಿಡ್ನಾ. ಎರಡೂ ಅವರ ದೇಶದಲ್ಲೇ ಇವೆ. ಯಾರೂ ಅವುಗಳನ್ನು ಕೆಲಸಕ್ಕೆ ಕರೆಯಲಿಲ್ಲ.